ಕಂಪನಿ ಮುಚ್ಚಿಸಿದ ನನ್ನ ಖಾರದ ಗಿರಣಿ

ಫೋನು ಮಾಡುವ ಪವಾಡಗಳಿಗೆ ನಮ್ಮ ಬ್ಯಾಡಗಿಯಲ್ಲಿ ಬರವಿಲ್ಲ. ವಾರಕ್ಕೊಂದು ಆಗುತ್ತಲೇ ಇರುತ್ತದೆ. ಹೆಚ್ಚಿನವನ್ನು ನಾನು ಯಾರಿಗೂ ಹೇಳುವುದಿಲ್ಲ, ಹೇಳಲು ಮಾತು ಬೇಕಾಗುತ್ತದೆ. ಈ ವರ್ಷದ್ದು ನನ್ನ ಗಿರಣಿಗೇ ಬಂದದ್ದರಿಂದ ಬರೆಯುತ್ತಿದ್ದೇನೆ.

ನನ್ನದು ಖಾರ ಕುಟ್ಟುವ ಗಿರಣಿ. ಬೇಸಿಗೆಯ ಬಾಯಿಗೆ ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಕಡೆಯ ಮನೆಯವರು ಬಂದು, ಇಲ್ಲೇ ಮೆಣಸಿನಕಾಯಿ ಕೊಂಡು, ವರ್ಷದ ಖಾರ ಮಾಡಿಸಿಕೊಂಡು ಹೋಗುತ್ತಾರೆ. ವರ್ಷಕ್ಕೆ ಒಂದೇ ಸಲ. ಆ ಒಂದು ಸಲ ಬೇರೆ ಗಿರಣಿಗೆ ಹೋದವರು ತಿರುಗಿ ಬರುವುದಿಲ್ಲ. ಮನೆಯ ಸಾರು ಆ ಖಾರಕ್ಕೆ ಹೊಂದಿಕೊಂಡುಬಿಡುತ್ತದೆ.

೧. ಸೀನಿದವನು

ಮಗಳು ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಮುಂಜಾನೆ ಫೋನು ಮಾಡಿದಳು.

"ಅಪ್ಪಾ, ಆರಾಮ ಅದೀರಿಲ್ಲೋ?"

"ಹೂಂ."

"ಮತ್ತ ಗಿರಣಿ ಯಾಕ ಮುಚ್ಚೀರಿ? ನನಗೊಂದು ಮಾತು ಹೇಳಬಾರದೇನು?"

ಗಿರಣಿ ತಿರುಗುತ್ತಿತ್ತು. ಆ ಸದ್ದಿನಲ್ಲಿ ಅವಳು ಹೇಳಿದ್ದು ಅರ್ಧ ಕೇಳಿಸಿತು. ಎರಡನೆಯ ಸಲ ಪೂರ್ತಿ ಕೇಳಿಸಿತು. ದೊಡ್ಡ ಕಂಪನಿಯೊಂದರ ಮ್ಯಾಪಿನಲ್ಲಿ ನನ್ನ ಗಿರಣಿಯ ಹೆಸರಿನ ಕೆಳಗೆ 'ಶಾಶ್ವತವಾಗಿ ಮುಚ್ಚಲಾಗಿದೆ' ಎಂದು ಕೆಂಪು ಅಕ್ಷರದಲ್ಲಿ ಬಂದಿತ್ತಂತೆ. ಹೊರಗಿನ ಗಿರಾಕಿಗಳೆಲ್ಲ ಈಗ ಆ ಮ್ಯಾಪು ನೋಡಿಕೊಂಡೇ ಬರುವುದು.

ಅವತ್ತೇ ಮಧ್ಯಾಹ್ನ ಹೊರಗೆ ಒಂದು ಕಾರು ನಿಂತಿತು. ನಾನು ಷಟರ್ ಎತ್ತಿ ಹೊರಗೆ ಬಂದೆ. ನನ್ನ ತಲೆ, ಮೀಸೆ, ಅಂಗಿ ಎಲ್ಲ ಖಾರದಿಂದ ಕೆಂಪು. ಕಾರಿನವನು ಫೋನು ನೋಡಿದ, ನನ್ನನ್ನು ನೋಡಿದ, ಮತ್ತೆ ಫೋನು ನೋಡಿದ.

"ಯಜಮಾನ್ರ, ಇಲ್ಲೊಂದು ಖಾರದ ಗಿರಣಿ ಇತ್ತಲ್ರಿ. ಮುಚ್ಚಿ ಎಷ್ಟು ದಿನ ಆತು?"

"ಮುಚ್ಚಿಲ್ಲ."

"ಇಲ್ರಿ, ಮುಚ್ಚೈತಿ. ಇಲ್ನೋಡ್ರಿ," ಎಂದು ಫೋನು ನನ್ನ ಮೂಗಿನ ಮುಂದೆ ಹಿಡಿದ.

ನಾನು ಷಟರನ್ನು ಇನ್ನೂ ಒಂದು ಗೇಣು ಎತ್ತಿದೆ. ಅವನು ಒಂಬತ್ತು ಸಲ ಸೀನಿದ. ಆಮೇಲೆ ನಂಬಿದ.

೨. ಖರೇ ಹೇಳಿದವರು

ರವಿವಾರ ಮಗಳು ಬಂದಳು. ಫೋನಿನಲ್ಲಿ ಹುಡುಕಿ ಕಾರಣ ಹಿಡಿದಳು. ದಾರಿಹೋಕನೊಬ್ಬ ನಮ್ಮ ಇಳಿದ ಷಟರಿನ ಫೋಟೋ ತೆಗೆದು, ಈ ಅಂಗಡಿ ಮುಚ್ಚಿದೆ ಎಂದು ಕಂಪನಿಗೆ ಕಳಿಸಿದ್ದ.

ಗಿರಣಿ ತಿರುಗುವಾಗ ನಾವು ಷಟರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸುತ್ತೇವೆ. ಇಲ್ಲದಿದ್ದರೆ ಘಾಟು ರಸ್ತೆಗೆ ಹೋಗುತ್ತದೆ, ಸೈಕಲ್ಲಿನವನು ಕೆಮ್ಮಿ ಬೀಳುತ್ತಾನೆ. ಷಟರ್ ಏರಿದ್ದರೆ ಕೆಲಸವಿಲ್ಲ, ಇಳಿದಿದ್ದರೆ ಕೆಲಸ ಜೋರು. ಇದು ನಮ್ಮ ಓಣಿಯ ಆಡಿಗೂ ಗೊತ್ತು. ಕಂಪನಿಗೆ ಯಾರೂ ಹೇಳಿರಲಿಲ್ಲ.

"ಒಬ್ಬ ಹೇಳಿದ್ರ ಕಂಪನಿ ನಂಬಂಗಿಲ್ಲಪ್ಪಾ," ಎಂದಳು ಮಗಳು. "ಸುತ್ತಮುತ್ತಲಿನವರ ಫೋನಿಗೂ ಕೇಳತೈತಿ, ಈ ಅಂಗಡಿ ಮುಚ್ಚೈತೇನು ಅಂತ. ಅವ್ರೂ ಹೌದು ಅಂದ್ರ ಮುಚ್ಚತೈತಿ."

ನಾನು ಬೆರಗಾದೆ. ಎಲ್ಲಿಯದೋ ಕಂಪನಿ. ಬ್ಯಾಡಗಿಯ ಒಂದು ಗಿರಣಿಯ ಸಲುವಾಗಿ ಪಂಚರನ್ನು ಕೂಡಿಸಿ ವಿಚಾರಣೆ ಮಾಡಿದೆ.

ಎದುರಿನ ಅಂಗಡಿಯ ಟೇಲರ್ ಹೊಲಿಗೆ ನಿಲ್ಲಿಸಿದ. ಇಪ್ಪತ್ತು ವರ್ಷದಿಂದ ನೆರೆಯವನು, ಸಂಭಾವಿತ.

"ನನಗೂ ಕೇಳಿತ್ರಿ ಅಣ್ಣಾರ."

"ಏನಂದಿ?"

"ಹೌದು ಅಂತ ಒತ್ತಿದೆ."

ಮಗಳು ಅವನನ್ನೇ ನೋಡಿದಳು. ಅವನು ಟೇಪನ್ನು ಕೊರಳಿನಿಂದ ತೆಗೆದು ಮತ್ತೆ ಹಾಕಿಕೊಂಡ.

"ಅವತ್ತು ನೀವು ಷಟರ್ ಇಳಿಸಿದ್ರಿ. ನಾನು ಅದು ಷಟರ್ ಬಗ್ಗೆ ಕೇಳಾಕತ್ತೈತಿ ಅಂದ್ಕೊಂಡೆ. ರಂಜಾನ್ ತಿಂಗಳ, ರೋಜಾ ಹಿಡದೀನಿ. ಸುಳ್ಳು ಹೆಂಗ ಹೇಳ್ಲಿರಿ?"

೩. ಚಪ್ಪಲಿ

ಆ ಫೋಟೋವನ್ನು ನನ್ನ ಹೆಂಡತಿಯೂ ನೋಡಬೇಕೆಂದಳು. ಮಗಳು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿ ತೋರಿಸಿದಳು. ಇಂಥದ್ದೆಲ್ಲ ಕಲಿಸಬಾರದು.

ಫೋಟೋದ ಒಂದು ಮೂಲೆಯಲ್ಲಿ ಟೇಲರ್ ನಿಂತಿದ್ದ. ಹೆಂಡತಿ ಅವನ ಕಾಲನ್ನು ದೊಡ್ಡದು ಮಾಡಿದಳು. ಹಿತ್ತಾಳೆ ಬಕಲಿನ ಕಂದು ಚಪ್ಪಲಿ. ಎರಡು ವರ್ಷದ ಹಿಂದೆ ಹಾವೇರಿ ಪೇಟೆಯಲ್ಲಿ ಅವಳೇ ಆರಿಸಿ ನನಗೆ ಕೊಡಿಸಿದ್ದು. ಕಚ್ಚುತ್ತಿದ್ದವು. ಕಚ್ಚುತ್ತವೆ ಎಂದು ಹೇಳಿದರೆ ಮತ್ತೆ ಹಾವೇರಿಗೆ ಹೋಗಬೇಕು, ಮತ್ತೆ ಹತ್ತು ಅಂಗಡಿ ತಿರುಗಬೇಕು. ಸುಮ್ಮನೆ ಟೇಲರನಿಗೆ ಕೊಟ್ಟೆ. ಮನೆಯಲ್ಲಿ, ಗಳಗನಾಥದ ಗುಡಿಯ ಮುಂದೆ ಕಳೆದವು ಎಂದೆ.

ಎರಡು ವರ್ಷ ಅವಳು ದಿನಾ ಆ ಟೇಲರನ ಮುಂದೆ ಹಾಯ್ದು ಹೋಗಿದ್ದಾಳೆ. ಅವಳ ಕಣ್ಣಿಗೆ ಬೀಳದ್ದನ್ನು ಕಂಪನಿ ಒಂದೇ ಫೋಟೋದಲ್ಲಿ ತಂದು ಮನೆಗೆ ಮುಟ್ಟಿಸಿತು. ಅದರ ಶಕ್ತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹೆಂಡತಿ ಸಿಟ್ಟಾಗಲಿಲ್ಲ. ಸಮಾಧಾನದಿಂದ ಕೇಳಿದಳು:

"ಗಳಗನಾಥದಿಂದ ಬ್ಯಾಡಗಿತನ ತಾವ ನಡಕೊಂತ ಬಂದಾವೇನ್ರಿ?"

೪. ಟವೆಲ್ಲಿನ ಕೆಳಗೆ

ಗಿರಣಿಯ ಮುಂದೆ ಒಂದು ಕಲ್ಲಿನ ಕಟ್ಟೆಯಿದೆ. ಆ ವಾರ ಅಲ್ಲಿ ಬೇರೆ ವಿಷಯವೇ ಇರಲಿಲ್ಲ.

"ಪುಕ್ಕಟೆ ದಾರಿ ತೋರಸ್ತಾರಲ್ರಿ, ಪುಣ್ಯವಂತರು," ಎಂದ ಟೇಲರ್. ತಪ್ಪು ತನ್ನದಾದ್ದರಿಂದ ಕಂಪನಿಯ ಪರವಾಗಿ ಮಾತಾಡುತ್ತಿದ್ದ.

"ಪುಕ್ಕಟೆ ಅಂತ ಯಾಂವ ಅಂದ?" ಎಂದ ಕರ್ಜಗಿಯ ರೈತ. ಅವನು ನಮ್ಮ ಹಳೆಯ ಗಿರಾಕಿ. "ನಾವು ಮಾತಾಡಿದ್ದೆಲ್ಲ ಅವ್ರು ಕೇಳಸ್ಕೊಂತಾರ. ಮೊನ್ನೆ ಮನಿಯಾಗ ಮೊಣಕಾಲು ನೋವು ಅಂದೆ. ಸಂಜಿಕ ಫೋನಿನ್ಯಾಗ ಎಣ್ಣಿ ಬಂತು."

"ಅಂದ್ರ ನಿಮ್ಮ ಮನಿಯವರಕಿಂತ ಅವ್ರ ಚಲೋ. ಕೇಳಸ್ಕೊಂಡರಲ್ಲ," ಎಂದ ಟೇಲರ್.

ರೈತ ನಗಲಿಲ್ಲ. ಅವನಿಗೆ ಅವತ್ತು ಇನ್ನೊಬ್ಬನ ಜೊತೆ ಎತ್ತಿನ ವ್ಯಾಪಾರವಿತ್ತು. ಎತ್ತು ಕೊಳ್ಳುವವನೂ ನಮ್ಮ ಕಟ್ಟೆಗೇ ಬಂದ. ರೈತ ಫೋನನ್ನು ಬೋರಲು ಹಾಕಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈ ಮೇಲೆ ಹಾಸಿದ. ದನದ ಸಂತೆಯ ಹಳೇ ಪದ್ಧತಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬಾಯಿ ಬಿಡುವುದಿಲ್ಲ. ಅರ್ಧ ಗಂಟೆ ಒಂದು ಸದ್ದಿಲ್ಲದೆ ವ್ಯಾಪಾರ ನಡೆಯಿತು, ಮುಗಿಯಿತು.

"ಈಗ ಏನು ಕೇಳಸ್ಕೊಂತಾರ ಕೇಳಸ್ಕೊಳ್ಳಲಿ," ಎಂದು ಎದ್ದು ಹೋದ.

ಮರುದಿನ ಬಂದವನ ಮುಖ ಬಿಳಿಚಿಕೊಂಡಿತ್ತು. ಫೋನನ್ನು ನನ್ನ ಕೈಗೆ ಕೊಟ್ಟ. ಎತ್ತಿನ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ.

ಟವೆಲ್ಲಿನ ಜಾಹೀರಾತು ಬಂದಿತ್ತು.

೫. ಅಳಿಯ

ಮತ್ತೊಂದು ರವಿವಾರ ಮಗಳು ಬಂದಾಗ, ಕಂಪನಿಯವರ ಜೊತೆ ಮಾತಾಡಬೇಕೆಂದೆ. ಹಾವೇರಿಯ ಯಾವ ಆಫೀಸಾದರೂ ನನಗೆ ದಾರಿ ಗೊತ್ತು. ಮುಂಜಾನೆಯ ಬಸ್ಸಿಗೆ ಹೋಗಬೇಕು, ಟೇಬಲ್ಲಿನ ಮುಂದೆ ನಿಲ್ಲಬೇಕು, ಗುಮಾಸ್ತ ತಲೆ ಎತ್ತುವತನಕ ನಿಂತೇ ಇರಬೇಕು.

"ಅವ್ರಿಗೆ ಟೇಬಲ್ಲ ಇಲ್ಲಪ್ಪಾ," ಎಂದಳು ಮಗಳು.

ಇಷ್ಟು ದೊಡ್ಡ ಕಂಪನಿ, ಒಂದು ಟೇಬಲ್ಲಿಲ್ಲದೆ ನಡೆಯುತ್ತದೆ. ಕುಳಿತು ಸ್ವಲ್ಪ ಹೊತ್ತು ಆ ವಿಷಯ ಯೋಚಿಸಿದೆ.

ಮಗಳು ಫೋನಿನಲ್ಲೇ ಬರೆದಳು. ತಕ್ಷಣ ಉತ್ತರ ಬಂತು: 'ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?' ನನ್ನ ಜೀವಮಾನದಲ್ಲಿ ಯಾವ ಆಫೀಸೂ ನನಗೆ ಮೊದಲು ನಮಸ್ಕಾರ ಹೇಳಿಲ್ಲ. ಉತ್ತರ ಬರೆಯುವುದು ಮನುಷ್ಯನಲ್ಲ, ಯಂತ್ರ ಎಂದಳು ಮಗಳು. ಇರಲಿ. ನಮಸ್ಕಾರ ನಮಸ್ಕಾರವೇ.

ಅವಳು ಗಿರಣಿಯ ಸಂಗತಿ ಬರೆದಳು. 'ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ವಿಷಾದಿಸುತ್ತೇವೆ' ಎಂದು ಬಂತು. ಮತ್ತೆ ಬರೆದಳು. ಮತ್ತೆ ಅದೇ ಬಂತು. ಬರಬರುತ್ತ ಇವಳ ಭಾಷೆ ಕೆಟ್ಟಿತು. ಐದನೆಯ ಸಲಕ್ಕೆ ನಾನು ಬಾಗಿಲಿನ ಕಡೆ ನೋಡಿದೆ, ಯಾರಾದರೂ ಓದುತ್ತಿದ್ದಾರೇನೋ ಎಂದು. ಅದು ಮಾತ್ರ ಒಂದೇ ಮರ್ಯಾದೆಯಲ್ಲಿ ವಿಷಾದಿಸುತ್ತಿತ್ತು. ಎಂಟನೆಯ ಸಲ ದಾರಿ ತೋರಿಸಿತು. ಗಿರಣಿಯ ವೀಡಿಯೋ ಕಳಿಸಬೇಕು. ರಸ್ತೆ, ಬೋರ್ಡು, ಷಟರ್ ಎತ್ತುವುದು, ಒಳಗಿನ ಕೆಲಸ, ಎಲ್ಲವೂ ಎಲ್ಲಿಯೂ ನಿಲ್ಲಿಸದೆ ಒಂದೇ ಎಳೆಯಲ್ಲಿ ಬರಬೇಕು.

ಹೆಂಡತಿ ಅಷ್ಟೂ ಹೊತ್ತು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

"ಎಂಟು ಸಲ ಬೈಸ್ಕೊಂಡ್ರೂ ಒಂದು ಎದುರು ಮಾತಿಲ್ಲ. ಯಾರ ಮನಿ ಅಳಿಯಾನೋ, ಪುಣ್ಯಾ ಮಾಡ್ಯಾರ."

೬. ವೀಡಿಯೋ

"ತಪ್ಪು ನಂದು, ವೀಡಿಯೋ ನಾ ಮಾಡ್ತೇನ್ರಿ," ಎಂದ ಟೇಲರ್.

ರಸ್ತೆ ತೋರಿಸಿದ, ಬೋರ್ಡು ತೋರಿಸಿದ, ಷಟರ್ ಎತ್ತಿದ. ಗಿರಣಿ ತಿರುಗುತ್ತಿತ್ತು. ಮೊದಲನೆಯ ಸೀನಿಗೆ ಫೋನು ಅಲುಗಿತು. ಎರಡನೆಯದಕ್ಕೆ ಸೂರು ಕಂಡಿತು. ಮೂರನೆಯದಕ್ಕೆ ಫೋನು ಖಾರದ ರಾಶಿಯೊಳಗೆ ಹೋಯಿತು. 'ವೀಡಿಯೋ ಸ್ಪಷ್ಟವಾಗಿಲ್ಲ' ಎಂದಿತು ಕಂಪನಿ.

ಮುಂದಿನ ರವಿವಾರ ಮಗಳು ಬಂದಳು. ಜಾಣೆ. ಘಾಟು ಬೇಡವೆಂದು ಗಿರಣಿ ನಿಲ್ಲಿಸಿ, ನೆಲ ಗುಡಿಸಿ ವೀಡಿಯೋ ಮಾಡಿದಳು. ಬಹಳ ಚಂದ ಬಂತು. 'ಇಲ್ಲಿ ಕೆಲಸ ನಡೆಯುತ್ತಿರುವ ಕುರುಹು ಕಾಣುವುದಿಲ್ಲ' ಎಂದಿತು ಕಂಪನಿ.

ಗಿರಣಿ ತಿರುಗಿದರೆ ಸೀನು, ನಿಂತರೆ ಮುಚ್ಚಿದಂತೆ. ಆ ವಾರವೇ ಹುಬ್ಬಳ್ಳಿಯಿಂದ ಒಬ್ಬಾಕೆ ಫೋನು ಮಾಡಿದಳು. ಅವಳ ಅತ್ತೆಯ ಕಾಲದಿಂದ ನಮ್ಮಲ್ಲಿಗೇ ಬರುವ ಮನೆ.

"ನೀವು ಮುಚ್ಚೀರಿ ಅಂತ ತಿಳೀತ್ರಿ ಕಾಕಾ. ಬ್ಯಾರೆ ಕಡೆ ಮಾಡಿಸಿದ್ವಿ. ಆರಾಮ ಅದೀರಿಲ್ಲೋ?"

"ಹೂಂ" ಎಂದೆ. ಅವತ್ತು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ. ಹೆಂಡತಿ ತಾಟು ಎತ್ತಿಟ್ಟಳು.

ಮರುದಿನ ನಾನೇ ಫೋನು ಹಿಡಿದೆ. ನಲವತ್ತು ವರ್ಷದಲ್ಲಿ ಗಿರಣಿಯೊಳಗೆ ನಾನು ಒಂದು ಸಲವೂ ಸೀನಿದವನಲ್ಲ. ಟೇಲರ್ ಗುಂಡಿ ಒತ್ತಿ ಕೊಟ್ಟು ದೂರ ಸರಿದ. ರಸ್ತೆಯಿಂದ ಶುರುಮಾಡಿದೆ. ಬೋರ್ಡಿನ ಮುಂದೆ ನಿಂತೆ. ಷಟರ್ ಎತ್ತಿದೆ. ತಿರುಗುವ ಪಟ್ಟಿ, ಬೀಳುವ ಖಾರ, ಚೀಲ, ತಕ್ಕಡಿ, ಒಂದನ್ನೂ ಬಿಡಲಿಲ್ಲ. ಕೈ ಅಲುಗಲಿಲ್ಲ, ಕಣ್ಣು ಗಿರಣಿಯ ಮೇಲಿಂದ ಫೋನಿನ ಕಡೆ ಸರಿಯಲಿಲ್ಲ. ಎರಡು ನಿಮಿಷ. ಟೇಲರ್ ಬಂದು ಕಳಿಸಿದ. ಮಗಳಿಗೂ ಒಂದು ಕಳಿಸಿದ.

ಮಗಳ ಫೋನು ಬಂತು.

"ಅಪ್ಪಾ, ಇದೇನು ಕಳಿಸೀರಿ?"

"ಗಿರಣಿ."

"ಇದರಾಗ ಗಿರಣಿ ಎಲ್ಲೈತಿ? ಬರೇ ನಿಮ್ಮ ಮಾರಿ ಐತಿ."

ಫೋನಿಗೆ ಎರಡೂ ಕಡೆ ಕಣ್ಣಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ನಿಮಿಷ ಪೂರ್ತಿ ನನ್ನ ಮುಖ. ಕೆಂಪು ಮೀಸೆ, ಕೆಂಪು ಹುಬ್ಬು. ನಗುವಿಲ್ಲ, ಮಾತಿಲ್ಲ. ಕಿವಿಯ ಹಿಂದೆ ಒಂದು ಸಲ ಬೋರ್ಡಿನ ಎರಡಕ್ಷರ ಹಾದು ಹೋದವು, ಅಷ್ಟೇ.

ಮರುದಿನ ಮುಂಜಾನೆ ಕಂಪನಿಯ ಉತ್ತರ ಬಂತು. 'ನಿಮ್ಮ ಅಂಗಡಿ ತೆರೆದಿದೆ ಎಂದು ಖಚಿತವಾಗಿದೆ. ಧನ್ಯವಾದಗಳು.'

ಕಟ್ಟೆಯ ಮೇಲೆ ವಿಚಾರಣೆ ನಡೆಯಿತು. ಗಿರಣಿ ತೋರಿಸಿದರೆ ನಂಬದ್ದು ಮುಖ ನೋಡಿ ಯಾಕೆ ನಂಬಿತು? ಯಂತ್ರಕ್ಕೆ ಯಂತ್ರದ ಸದ್ದು ಕೇಳಿಸಿರಬೇಕು ಎಂದ ಟೇಲರ್. ಕರ್ಜಗಿಯ ರೈತ ಫೋನನ್ನು ಬೋರಲು ಹಾಕಿ, ತಗ್ಗಿದ ದನಿಯಲ್ಲಿ ಹೇಳಿದ:

"ಆ ಮಾರಿ ನೋಡಿದ ಮ್ಯಾಲ ಇಲ್ಲ ಅನ್ನಾಕ ಕಂಪನಿಗೂ ಧೈರ್ಯ ಬೇಕಲ್ರಿ."

ಅಷ್ಟರಲ್ಲಿ ಹಾವೇರಿಯಿಂದ ಒಂದು ಕಾರು ಬಂತು, ಅದರ ಹಿಂದೆ ಇನ್ನೊಂದು. ನಾನು ಚೀಲ ಇಳಿಸಿಕೊಂಡೆ. ಹೆಂಡತಿ ಚಹಾ ತಂದವಳು ಎಲ್ಲರೂ ನೋಡಿ ಮುಗಿಸಿದ ವೀಡಿಯೋವನ್ನು ತಾನೂ ಕೊನೆಯತನಕ ನೋಡಿದಳು.

"ಮದಿವ್ಯಾಗಿ ನಲವತ್ತು ವರ್ಷ ಆತು. ಈ ಮಾರಿ ನೋಡಿ ಒಳಗ ಏನು ನಡದೈತಿ ಅಂತ ನನಗ ಒಂದು ದಿನಾನೂ ತಿಳೀಲಿಲ್ಲ. ಕಂಪನಿಗೆ ಎರಡು ನಿಮಿಷದಾಗ ತಿಳೀತು ನೋಡ್ರಿ."

ನಾನು ಒಳಗೆ ಹೋಗಿ ಷಟರ್ ಇಳಿಸಿದೆ.