ಬಾಯಿಗೂಡಿದ ಸೈಕಲ್

ಸೋಮಲಿಂಗನ ಸೈಕಲ್ಲಿಗೆ ಮನೆಯಲ್ಲಿ ಜಾಗವಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಬೇಕಾದಷ್ಟಿತ್ತು. ಅವನು ಮಣಿಪಾಲದಲ್ಲಿ ಟೈಲ್ಸ್ ಹಾಕುತ್ತಿದ್ದಾಗ ಊರಿಗೆ ಹೊರಟ ವಿದ್ಯಾರ್ಥಿಯೊಬ್ಬ ಕೊಟ್ಟುಹೋದ ಹಳೆಯ ರೇಸ್ ಸೈಕಲ್ ಅದು. ಹೊರಗಿಟ್ಟರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆಂದು ಆದಿ ಉಡುಪಿಯ ಒಂದೇ ಕೋಣೆಯ ಬಾಡಿಗೆ ಮನೆಯೊಳಗೇ ನಿಲ್ಲಿಸಿದ್ದ. ಆ ಬೆಳಗ್ಗೆ, ಟಗರಿನ ಕೊಂಬಿನಂಥ ಅದರ ಹ್ಯಾಂಡಲ್ಲಿಗೆ ಸಿಕ್ಕಿ ಹೆಂಡತಿ ಲಕ್ಕವ್ವನ ಸೆರಗು ಮೂರನೆಯ ಸಲ ಹರಿಯಿತು.

"ಸಂಜೀಕ ಈ ಮನ್ಯಾಗ ಒಂದೋ ಅದು ಇರಬೇಕು, ಇಲ್ಲಾ ನಾ ಇರಬೇಕು," ಎಂದಳು. ಅವಳು ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ.

ಪಕ್ಕದ ಮನೆಯ ಮೀನು ವ್ಯಾಪಾರಿ ಯೋಗೀಶನಿಗೆ ಇನ್ನೊಬ್ಬರ ಕಷ್ಟವೆಂದರೆ ಹಬ್ಬ. ಎರಡು ಫೋನು ಮಾಡಿ ಬಂದ. "ಇನ್ನಂಜೆಯಲ್ಲಿ ಜೋಕಿಮ್ ಅಂತ ಒಬ್ರಿದ್ದಾರೆ ಮಾರಾಯ. ಇಂಥದ್ದೇ ಸೈಕಲಿನ ವ್ಯಾಪಾರಕ್ಕೆ ಕಾಯ್ತಾ ಇದ್ದಾರೆ. ವಯಸ್ಸು ಸರಿಯಾಗಿ ಹೇಳು, ಹಳತಾದಷ್ಟು ಬೆಲೆ ಉಂಟು."

ವಯಸ್ಸು ಹೇಳುವುದೇನು ದೊಡ್ಡದು? ಸೋಮಲಿಂಗನ ಅಪ್ಪ ದನದ ಸಂತೆಯ ದಲ್ಲಾಳಿ, ಹಲ್ಲು ನೋಡಿಯೇ ಎತ್ತಿನ ವಯಸ್ಸು ಹೇಳುತ್ತಿದ್ದ. ಸೋಮಲಿಂಗ ಕುಕ್ಕರಗಾಲಲ್ಲಿ ಕುಳಿತು ಚೈನು ಕೂರುವ ಚಕ್ರದ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿದ. ಸವೆದಿದ್ದವು, ಒಂದೂ ಉದುರಿರಲಿಲ್ಲ. ಬಾಯಿಗೂಡಿದೆ ಎಂದುಕೊಂಡ. ಎಲ್ಲ ಹಲ್ಲೂ ಬಂದು ದುಡಿತಕ್ಕೆ ಹದವಾದ ಎತ್ತಿಗೆ ಅವನ ಊರಲ್ಲಿ ಹಾಗೆನ್ನುತ್ತಾರೆ.

ಕಟಪಾಡಿ ದಾಟಿ ಇನ್ನಂಜೆಯ ದಾರಿ ಹಿಡಿದಾಗ ಎರಡೂ ಕಡೆ ಹಸಿರು ಗದ್ದೆ. ಸೈಕಲ್ ಸದ್ದಿಲ್ಲದೆ ತೇಲಿತು. ಸೋಮಲಿಂಗ ಅರೆಗಣ್ಣಿನಲ್ಲೇ ಅಪ್ಪನ ಸಂತೆಗೆ ಹೋದ. ಗೆಜ್ಜೆಯ ಸದ್ದು, ಸಗಣಿಯ ವಾಸನೆ, ಅಪ್ಪನ ಹೆಗಲ ಮೇಲೆ ಕುಳಿತು ಕಂಡ ಸಾವಿರ ಕೊಂಬು. ಇದನ್ನು ಮಾರಿದರೆ ಹೀಗೆ ತೇಲುವುದು ಇನ್ನಿಲ್ಲ ಎಂದು ಹೊಳೆದಾಗ ಅವನಿಗೆ ನಿಜಕ್ಕೂ ಸಂಕಟವಾಯಿತು. ಲಕ್ಕವ್ವನ ಮುಖ ನೆನೆದು ಪೆಡಲು ತುಳಿದ.

ಜೋಕಿಮ್ ಅಂಗಳದಲ್ಲೇ ಕಾಯುತ್ತಿದ್ದರು. ಸೈಕಲ್ಲನ್ನು ಮಗುಚಿ ಅಡಿಯ ನಂಬರು ಓದಿದರು, ಕೊಳವೆಯನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟರು.

"ಅಪ್ಪಟ ಸ್ಟೀಲು. ನಲವತ್ತು ವರ್ಷವಾದರೂ ಆಗಿದೆ. ಹಳೆ ಸೈಕಲಿನ ಬೆಲೆ ನಿಮಗೆ ಗೊತ್ತುಂಟು. ನಿಮ್ಮಂಥವರನ್ನೇ ನಾನು ಕಾಯ್ತಾ ಇದ್ದದ್ದು."

ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಸೋಮಲಿಂಗನ ಮನೆತನದಲ್ಲಿ ಇಲ್ಲ. ದನದ ಸಂತೆಯ ದಲ್ಲಾಳಿಗಳಂತೆ ಹೆಗಲ ಟವೆಲ್ಲನ್ನು ಜೋಕಿಮ್ಮರ ಕೈಮೇಲೆ ಹೊದಿಸಿ, ಅದರಡಿ ಅವರ ನಾಲ್ಕು ಬೆರಳು ಹಿಡಿದು ಒತ್ತಿದ. ಜೋಕಿಮ್ ಮೊದಲು ಬೆಚ್ಚಿದರು. ಆಮೇಲೆ ಅರ್ಥವಾಗಿ, ನಾಲ್ಕು ಸಾವಿರ ಅಲ್ವಾ, ಆಯ್ತು ಎಂದು ಕೈಕುಲುಕಿ ಒಳಗೆ ಹೋದರು. ಸೋಮಲಿಂಗ ಸೈಕಲ್ಲಿನ ಸೀಟು ಸವರುತ್ತ ದುಡ್ಡಿಗೆ ಕಾದ.

ಜೋಕಿಮ್ ಹೊರಬಂದದ್ದು ದುಡ್ಡಿನೊಂದಿಗಲ್ಲ, ಅಂಥದ್ದೇ ಇನ್ನೊಂದು ಸೈಕಲ್ಲಿನೊಂದಿಗೆ. "ನಿಮ್ಮದ್ದಕ್ಕೆ ಸರಿಯಾದ ಜೋಡಿ. ನಾಲ್ಕು ಸಾವಿರಕ್ಕೆ ನಿಮಗೇ ಇರಲಿ," ಎಂದು ಕೈ ಚಾಚಿದರು.

ತಾನೂ ಮಾರಲು ಬಂದವನೆಂದು ಸೋಮಲಿಂಗ ತೊದಲಿದ. ಎರಡೂ ಕಡೆಯವರು ಹೆಣ್ಣನ್ನೇ ಕರೆತಂದ ಸಂಬಂಧದ ಹಾಗೆ ಇಬ್ಬರೂ ಮುಖಮುಖ ನೋಡಿಕೊಂಡರು. ಆಗ ಜೋಕಿಮ್ಮರ ಹೆಂಡತಿ ಆನ್ಸಿಲ್ಲಾ ಬಾಗಿಲಲ್ಲಿ ಕಾಣಿಸಿಕೊಂಡರು.

"ದುಡ್ಡು ಬೇಡ. ಕೈ ಕುಲುಕಿ ಆಯ್ತಲ್ಲ, ತಕೊಂಡು ಹೋಗಿ. ನನ್ನ ಜಗಲಿ ಖಾಲಿಯಾದರೆ ಸಾಕು."

ಟವೆಲಿನಡಿ ಕೊಟ್ಟ ಮಾತನ್ನು ಅಪ್ಪ ಎಂದೂ ಹಿಂತೆಗೆದವನಲ್ಲ. ಸೋಮಲಿಂಗ ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು, ಹೂಡಿದ ಎತ್ತು ಬಿಚ್ಚಿಕೊಂಡು ಬರುವವನಂತೆ ಆದಿ ಉಡುಪಿಯವರೆಗೂ ನಡೆದ. ಕಾಲು ನೋಯುತ್ತಿದ್ದರೂ, ದೇವರಾಣೆ, ಅವನಿಗೆ ಖುಷಿಯೇ ಆಗಿತ್ತು.

ಲಕ್ಕವ್ವ ಸೈಕಲ್ಲುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಬಯ್ಯಲಿಲ್ಲ. ಎರಡನ್ನೂ ತಾನೇ ಒಳಗೆ ನಿಲ್ಲಿಸಿ, ಅವನ ಚಾಪೆ ತಂದು ಅಂಗಳದಲ್ಲಿ ಹಾಸಿದಳು.

"ಹೊರಗಿಟ್ರ ತುಕ್ಕು ಹಿಡಿತಾವ ಅಂತಿದ್ರಿ. ಅವೆರಡೂ ಒಳಗ ಇರ್ಲಿ. ನಿಮಗೇನು ತುಕ್ಕು ಹಿಡಿಯಂಗಿಲ್ಲ."