ಅತ್ತೆಯ ಸ್ವರಕ್ಕೊಂದು ಕಂಪ್ಯೂಟರ್

ನಮ್ಮ ಮನೆಗೆ ಯಾವ ಹೊಸ ಸಾಮಾನು ಬಂದರೂ ಜೊತೆಗೆ ಒಂದು ಗಲಿಬಿಲಿ ಪುಕ್ಕಟೆಯಾಗಿ ಬರುತ್ತದೆ. ಮಿಕ್ಸಿ ಬಂದಾಗ ಬಂತು, ಇನ್ವರ್ಟರ್ ಬಂದಾಗ ಬಂತು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಗಲಿಬಿಲಿ ಮೊದಲು ಬಂತು, ಸಾಮಾನು ಹಿಂದಿನಿಂದ ಬಂತು.

ನಾನು ಸರ್ವೆ ಇಲಾಖೆಯಲ್ಲಿ ಊರವರ ಜಾಗ ಅಳೆದು ನಿವೃತ್ತನಾದವನು. ಇರುವುದು ಬಂಟ್ವಾಳದ ಕೆಳಗಿನ ಪೇಟೆಯಲ್ಲಿ, ಹೊಳೆಗೆ ತೀರ ಹತ್ತಿರ, ಹೆಂಡತಿಯ ತಾಯಿಮನೆಯಲ್ಲಿ. ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಯಿತು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುವ ತುಳು ಹಾಡುಗಳನ್ನು, ಪಾಡ್ದನಗಳನ್ನು, ಅವರು ಬಹಳ ಚೆನ್ನಾಗಿ ಹಾಡುತ್ತಿದ್ದರು. ಒಮ್ಮೆ ಯಾರೋ ಕಾಲೇಜಿನವರು ಮನೆಗೇ ಬಂದು ರೆಕಾರ್ಡ್ ಮಾಡಿ, ಆಮೇಲೆ ಒಂದು ಸಿಡಿ ಕಳಿಸಿದ್ದರು. ಅದು ಕೈಗೆ ಬರುವಾಗ ಅತ್ತೆ ಇರಲಿಲ್ಲ. ಆಗ ಕೇಳುವ ಧೈರ್ಯ ಹೆಂಡತಿಗೆ ಬರಲಿಲ್ಲ. ಧೈರ್ಯ ಬರುವಷ್ಟರಲ್ಲಿ ಸಿಡಿ ಹಾಕುವ ಯಂತ್ರ ಕೆಟ್ಟಿತ್ತು.

ಈ ವರ್ಷ, ಅಮ್ಮನ ಸ್ವರ ಮರೆತುಹೋಗ್ತಾ ಉಂಟು ಎಂದು ಇವಳು ಹೇಳಿದಳು. ನನಗೆ ಸಂಕಟವಾಯಿತು. ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದ ನೆರೆಮನೆಯವರೊಬ್ಬರನ್ನು, ನಾವು ಮರ್ಯಾದೆಗೆ ಬ್ಯಾರಿಗಳು ಎನ್ನುವವರನ್ನು, ಕೇಳಿದೆ. ಹಾಡು, ಚಿತ್ರ ಎಲ್ಲ ಬರುವ ಮಲ್ಟಿಮೀಡಿಯಾ ಡೆಸ್ಕ್‌ಟಾಪ್ ತೆಗೆದುಕೊಳ್ಳಿ ಎಂದರು. ಆದರೆ ನಾಲ್ಕು ಕಡೆ ವಿಚಾರಿಸದೆ ತೆಗೆದುಕೊಂಡರೆ ಮೋಸ ಹೋಗುತ್ತೀರಿ ಎಂದೂ ಸೇರಿಸಿದರು. ಹಾಗಾಗಿ ಬಸ್ಸು ಹತ್ತಿದೆ.

ಮೂಡುಬಿದಿರೆಯಲ್ಲಿ

ಅಂಗಡಿಯವರು ಕೂರಿಸಿ, ನೀರು ಕೊಟ್ಟು, ಒಂದೇ ಉಸಿರಿನಲ್ಲಿ ರ್‍ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಂದು ಹೇಳತೊಡಗಿದರು. ನಾನು ಅರ್ಥವಾದವನ ಹಾಗೆ ತಲೆಯಾಡಿಸಿದೆ. ಹತ್ತು ನಿಮಿಷ ತಲೆಯಾಡಿಸಿದ ಮೇಲೆ ಅವರಿಗೇ ಸಂಶಯ ಬಂದಿರಬೇಕು. ಆಫೀಸಿನ ಕೆಲಸಕ್ಕೋ, ಗೇಮ್ ಆಡಲಿಕ್ಕೋ, ನಿಮಗೆ ಬೇಕಾದದ್ದು ಯಾವುದಕ್ಕೆ ಎಂದು ಕೇಳಿದರು.

"ಅತ್ತೆಯ ಸ್ವರ ಕೇಳ್ಲಿಕ್ಕೆ" ಎಂದೆ.

ಅವರು ಕೈಯಲ್ಲಿದ್ದ ಮೌಸನ್ನು ಕೆಳಗಿಟ್ಟರು.

"ಸರ್, ನಾನು ಅಂಗಡಿ ಇಟ್ಟಲ್ಲಿಂದ ಅತ್ತೆಯ ಸ್ವರ ಕೇಳದ ಹಾಗೆ ಇಯರ್‌ಫೋನ್ ಕೊಂಡೋದವರು ತುಂಬ ಜನ ಇದ್ದಾರೆ. ಕೇಳ್ಲಿಕ್ಕೆ ಅಂತ ಬಂದವರು ನೀವೇ ಮೊದಲು."

ಬೆಳ್ತಂಗಡಿಯಲ್ಲಿ

ನಮ್ಮ ಕೆಳಗಿನ ಪೇಟೆಯವರಿಗೆ ಒಂದು ಕ್ರಮ ಉಂಟು. ಕಪಾಟಾಗಲಿ, ಫ್ರಿಜ್ಜಾಗಲಿ, ತೂಕ ಕೇಳದೆ ಕೊಳ್ಳುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿ ಅಂಗಳಕ್ಕೆ ಬಂದರೆ ಎಲ್ಲವನ್ನೂ ಹೊತ್ತು ಉಪ್ಪರಿಗೆಗೆ ಏರಿಸಬೇಕಲ್ಲ. ಆದ್ದರಿಂದ ಬೆಳ್ತಂಗಡಿಯ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು, ಇದನ್ನು ಇಬ್ಬರು ಎತ್ತಿ ಮೆಟ್ಟಿಲು ಹತ್ತಬಹುದಾ ಎಂದು.

ಅಂಗಡಿಯವರಿಗೆ ತೂಕ ಗೊತ್ತಿರಲಿಲ್ಲ. ಇದುವರೆಗೆ ಯಾರೂ ಕೇಳಿಲ್ಲವಂತೆ. ನಾನು ಜಾಗ ಬಿಟ್ಟು ಕದಲದಿರುವುದನ್ನು ನೋಡಿ, ಸಿಪಿಯುವನ್ನು ಎತ್ತಿಕೊಂಡು ಪಕ್ಕದ ದಿನಸಿ ಅಂಗಡಿಗೆ ನಡೆದರು. ಈರುಳ್ಳಿ ತೂಗುವ ತಕ್ಕಡಿಯ ಮೇಲೆ ಇಟ್ಟರು. ಎಂಟು ಕೆಜಿ ತೋರಿಸಿತು. ನನಗೆ ಸಮಾಧಾನವಾಗಿ, ಅಲ್ಲೇ ಒಪ್ಪಿಕೊಂಡೆ.

ಸಕ್ಕರೆಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಅದನ್ನು ಸುತ್ತಲೂ ನೋಡಿ, ಕೆಜಿಗೆ ಎಷ್ಟು ಎಂದು ಕೇಳಿದರು.

ಕಿಂಡಿ

ಕಂಪ್ಯೂಟರ್ ಮನೆಗೆ ಬಂತು. ಜೊತೆಗೆ ಬಂದ ಟೆಕ್ನಿಷಿಯನ್ ಪರದೆಯನ್ನು ಮೇಜಿನ ಮೇಲೂ, ಸಿಪಿಯುವನ್ನು ಮೇಜಿನ ಕೆಳಗೂ ಇಟ್ಟರು. ಖಾಲಿಯಾದ ರಟ್ಟಿನ ಪೆಟ್ಟಿಗೆಯನ್ನು ತೋರಿಸಿ, ಇದು ಜಾಗ್ರತೆ, ಇದಿಲ್ಲದಿದ್ದರೆ ವಾರಂಟಿ ಇಲ್ಲ ಎಂದು ಎರಡು ಸಲ ಹೇಳಿದರು. ನಾನು ಥರ್ಮಾಕೋಲನ್ನು ಇದ್ದ ಹಾಗೆಯೇ ಒಳಗೆ ಕೂರಿಸಿ, ಟೇಪು ಹಚ್ಚಿ, ಪೆಟ್ಟಿಗೆಯನ್ನು ಮೇಜಿನ ಪಕ್ಕದಲ್ಲಿಟ್ಟೆ.

ಇವಳು ದೀಪ ಹಚ್ಚಿ, ಪರದೆಯ ಮೂಲೆಗೊಂದು ಕುಂಕುಮ ಇಟ್ಟು, ಸಿಡಿ ಹಿಡಿದುಕೊಂಡು ನಿಂತಳು. ನಾನು ಹಾಕುವ ಜಾಗ ಹುಡುಕಿದೆ. ಮುಂದೆ ನೋಡಿದೆ, ಹಿಂದೆ ನೋಡಿದೆ, ಬಗ್ಗಿ ಅಡಿಯನ್ನೂ ನೋಡಿದೆ. ಕಾಡು ಬೆಳೆದ ಜಾಗದಲ್ಲಿ ಗಡಿಕಲ್ಲು ಹುಡುಕಿ ತೆಗೆದ ನನಗೆ ಒಂದು ಸಿಡಿ ತೂರುವ ಕಿಂಡಿ ಸಿಗಲಿಲ್ಲ.

ಈಗಿನವುಗಳಲ್ಲಿ ಅದು ಬರುವುದಿಲ್ಲ ಎಂದು ಟೆಕ್ನಿಷಿಯನ್ ಹೇಳಿದರು. ಬೇರೆ ಡ್ರೈವ್ ವಯರಿನಲ್ಲಿ ಜೋಡಿಸಬಹುದು, ಮುಂದಿನ ವಾರ ತಂದುಕೊಡುತ್ತೇನೆ, ಆದರೆ ಕೊಳ್ಳುವಾಗ ನೀವು ಹೇಳಲೇ ಇಲ್ಲವಲ್ಲ ಎಂದರು. ಹೌದು, ಹೇಳಿರಲಿಲ್ಲ. ನನ್ನ ದಡ್ಡತನಕ್ಕೆ ನನಗೇ ನಾಚಿಕೆಯಾಯಿತು.

ಇವಳು ಸಿಡಿಯನ್ನು ಸೆರಗಿನಲ್ಲಿ ಒರೆಸಿ ಒಳಗಿಡಲು ಹೊರಟವಳು, ಬಾಗಿಲಲ್ಲಿ ತಿರುಗಿ ನಿಂತಳು.

"ತೂಕ ಮಾತ್ರ ಸರಿಯಾಗಿ ಕೇಳಿ ಬಂದಿದ್ದೀರಿ."

ಉಪ್ಪರಿಗೆ

ಡ್ರೈವ್ ಬರುವ ಮೊದಲು ಹೊಳೆ ಬಂತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು, ನೀರು ಅಂಗಳಕ್ಕೆ ಹತ್ತಿತು ಎಂದು ಬ್ಯಾರಿಗಳು ಓಡಿ ಬಂದರು. ಕರೆಂಟು ತೆಗೆದಿದ್ದರು, ಕೋಣೆ ಮಬ್ಬಾಗಿತ್ತು. ಮೊದಲು ಕಂಪ್ಯೂಟರ್ ಎಂದೆ. ಬ್ಯಾರಿಗಳೂ ನಾನೂ ಮೇಜಿನ ಹತ್ತಿರ ತಡಕಿ, ಆಚೆ ಈಚೆ ಹಿಡಿದು ಎತ್ತಿದೆವು. ತಿರುವಿನಲ್ಲಿ ಗೋಡೆಗೆ ತಾಗದ ಹಾಗೆ, ಒಂದೊಂದೇ ಮೆಟ್ಟಿಲು ಎಣಿಸುತ್ತಾ ಏರಿದೆವು. ಅರ್ಧ ದಾರಿಯಲ್ಲಿ ನನಗೇ ಆಶ್ಚರ್ಯವಾಗಿ, ಭಾರವೇ ಇಲ್ಲವಲ್ಲ ಎಂದೆ.

"ಈಗ ಟೆಕ್ನಾಲಜಿ ಹಾಗೆ ಮುಂದೆ ಹೋಗಿದೆ ಮಾರಾಯ್ರೇ" ಎಂದರು ಬ್ಯಾರಿಗಳು.

ಮೇಲೆ ಚಾಪೆ ಹಾಸಿ ಇಟ್ಟು, ಕಂಬಳಿ ಹೊದಿಸಿದೆವು. ಇವಳು ಸಿಡಿಯೊಂದನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಬಂದಿದ್ದಳು. ಕಂಬಳಿ ಸರಿಸಿ ಬೆರಳಿನಿಂದ ಒಮ್ಮೆ ತಟ್ಟಿದಳು. ಟೊಳ್ಳು ಸದ್ದು ಬಂತು. ನಾವು ಅಷ್ಟು ಜೋಪಾನದಿಂದ ಏರಿಸಿದ್ದು ವಾರಂಟಿಯ ಖಾಲಿ ಪೆಟ್ಟಿಗೆಯನ್ನು. ಎಂಟು ಕೆಜಿಯ ಸಿಪಿಯು ಕೆಳಗೆ ಮೇಜಿನಡಿ ಕೂತಿತ್ತು. ದೇವರ ದಯೆ, ನೀರು ಹೊಸ್ತಿಲಿಗೆ ಬಂದು ನಿಂತು, ಸಂಜೆಗೆ ಇಳಿಯಿತು.

ಮರುವಾರ ಡ್ರೈವ್ ಬಂತು. ಸಂಗತಿ ಇಡೀ ಪೇಟೆಗೆ ಗೊತ್ತಾಗಿದ್ದರಿಂದ ಬ್ಯಾರಿಗಳೂ ನಾನೂ ಸ್ವಲ್ಪ ತಲೆ ತಗ್ಗಿಸಿಯೇ ಕೂತಿದ್ದೆವು. ಸಿಡಿ ತಿರುಗಿತು. ಮೊದಲು ಬರೀ ಗರಗರ ಸದ್ದು, ಯಾರೋ ಏನನ್ನೋ ನೆಲಕ್ಕೆ ಇಟ್ಟ ಸದ್ದು. ಆಮೇಲೆ ಅತ್ತೆಯ ಸ್ವರ. ಹಾಡಲ್ಲ, ತುಳುವಿನಲ್ಲಿ ಗದರಿಕೆ. ರೆಕಾರ್ಡ್ ಮಾಡಲು ಬಂದವರಿಗೆ ಅವರು ಹೇಳುತ್ತಿದ್ದರು: ಮಕ್ಕಳೇ, ಆ ಯಂತ್ರವನ್ನು ನೆಲದಲ್ಲಿ ಇಡಬೇಡಿ, ಮೇಲೆ ಇಡಿ. ಇದು ಬಂಟ್ವಾಳ, ಹೊಳೆ ಹೇಳಿ ಬರುವುದಿಲ್ಲ.

ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ ತಿಳಿದಿರಲಿಲ್ಲ. ಪಾಡ್ದನ ಶುರುವಾಯಿತು. ಮುಗಿದ ಮೇಲೆ ಇವಳು ಕಣ್ಣೊರೆಸಿಕೊಂಡು, ಮೊದಲು ಮೇಜಿನ ಕೆಳಗೆ, ಆಮೇಲೆ ನನ್ನ ಕಡೆಗೆ ನೋಡಿದಳು.

"ಅಮ್ಮ ಹೇಳಿದ್ದು ಕೇಳಿತಲ್ಲ? ಎತ್ತಿ. ಈ ಸಲ ತೂಕ ಇರುವುದನ್ನು."