ಆರು ಗುರುವಾರದ ಬರಿಗಾಲು

ಅಂಜೂ ಮಂದಿಗೇ ಇಂಥಾವು ಗಂಟು ಬೀಳ್ತಾವ ನೋಡ್ರಿ. ನಾ ಅಂತೂ ಹುಟ್ಟಾ ಅಂಜುಬುರುಕಿ. ಅಕ್ಕಲಕೋಟದಿಂದ ದಿನಾ ಎಸ್‌ಟಿ ಬಸ್ ಹಿಡದು ಸೊಲ್ಲಾಪುರಕ್ಕ ಎಂ.ಎಸ್ಸಿ. ಕಲಿಯಾಕ ಹೋಗ್ತಿದ್ದೆ. ಹೋದ ವರ್ಷ ಪರೀಕ್ಷಾ ಹತ್ರ ಬಂದಂಗ ಎದಿ ಡವಡವ ಅನ್ನಾಕ ಹತ್ತಿತು. ಗಾಡಿ ಸೊಲ್ಲಾಪುರದ ಹೊರಗಿನ ಎಂಐಡಿಸಿ ಕಾರಖಾನಿ ಮುಟ್ಟೂದ್ರಾಗ ಕೈಕಾಲು ತಣ್ಣಗಾಗಿ, ಉಸಿರೇ ಸಿಗತಿದ್ದಿಲ್ಲ.

೧. ಚಪ್ಪಲಿ ಚಾಡಿ ಹೇಳ್ತಾವ

ಮನಸ್ಸಿನ ತ್ರಾಸ ಹೇಳಿಕೊಳ್ಳಾಕ ನಮ್ಮ ಕಾಲೇಜಿನ್ಯಾಗ ಒಂದು ಖೋಲಿ ಅದ, ಒಬ್ಬರು ಮ್ಯಾಡಂ ಕೂಡ್ತಾರ. ಆದರ ಎದುರಿಗೇ ಆಫೀಸು, ಅಲ್ಲಿ ನಮ್ಮ ಕಾಕಾ, ಅಪ್ಪನ ತಮ್ಮ, ಹೆಡ್ ಕ್ಲಾರ್ಕ್. ಕಾಕಾಗ ಗೊತ್ತಾದ್ರ ಸಂಜೀಕ ಅಪ್ಪಗ ಗೊತ್ತು. ಅಪ್ಪಗ ಗೊತ್ತಾದ್ರ ಹುಡುಗಿ ತಲಿ ಕೆಟ್ಟದ ಅಂತ ಕಾಲೇಜು ಬಂದ್, ವರ ನೋಡೂದು ಚಾಲೂ.

ಆ ಖೋಲಿಗೆ ಚಪ್ಪಲಿ ಹೊರಗ ಬಿಟ್ಟೇ ಒಳಗ ಹೋಗಬೇಕು. ನನ್ನ ಕೆಂಪು ಗೊಂಡೆದ ಚಪ್ಪಲಿ ಕಾಕಾನೇ ದೀಪಾವಳಿಗೆ ಕೊಡಿಸಿದ್ದು. ಮೊದಲ ದಿನ ಬಾಗಲದ ತನಕ ಹೋದೆ. ಹೊರಗ ಎರಡು ಜೋಡಿ ಇದ್ದವು, ಒಂದು ಮ್ಯಾಡಂದು, ಇನ್ನೊಂದು ನಮ್ಮ ವರ್ಗದಾಗ ಮೊದಲ ನಂಬರ್ ಬರೂ ಹುಡುಗಿದು. ನೋಡಿದ ಕೂಡಲೇ ಗುರುತು ಹತ್ತಿತು. ನನಗೇ ಹತ್ತಿದ ಮ್ಯಾಲ ಕಾಕಾ ಬಿಡ್ತಾನೇನು? ಓಡಿ ಬಂದು ಕ್ಯಾಂಟೀನಿನ್ಯಾಗ ಎರಡು ಚಹಾ ಕುಡದೆ. ಎದಿ ಇನ್ನಿಷ್ಟು ಡವಡವ ಅಂತು.

೨. ಉರಿ

ಮುಂದಿನ ವಾರ ಶಾಣ್ಯಾತನ ಮಾಡಿದೆ. ಚಪ್ಪಲಿ ಲೈಬ್ರರಿ ರ‍್ಯಾಕಿನ ಕೆಳಗ ಬಚ್ಚಿಟ್ಟು, ಚೈತ್ರದ ಬಿಸಲಿನ್ಯಾಗ ಮೈದಾನ ದಾಟಿ ಕುಣಕೋತ ಹೋದೆ. ಮ್ಯಾಡಂ ಭಾಳ ಮೆತ್ತಗ ಕೇಳಿದ್ರು, ಎಲ್ಲಿ ತ್ರಾಸ ಅದವ್ವಾ ಅಂತ.

"ಸದ್ಯಕ್ಕ ಅಂಗಾಲಿನ್ಯಾಗ್ರಿ," ಅಂದೆ.

ಅವರು ನಕ್ಕರು, ನಾ ಅತ್ತೆ. ಅರ್ಧಾ ತಾಸು ಅತ್ತೆ. ಇದು ಹುಚ್ಚಲ್ಲ, ಅಂಜಿಕಿ, ಇದಕ್ಕ ದಾರಿ ಅದ ಅಂತ ಹೇಳಿ, ಸಾವಕಾಶ ಉಸಿರು ಬಿಡೂದು ಕಲಿಸಿದ್ರು. ಆರು ಗುರುವಾರ ಬಾ ಅಂದ್ರು. ಆದರ ನಾ ಹೊರಗ ಬರೂದ್ರಾಗ ಲೈಬ್ರರಿಗೆ ಕೀಲಿ ಬಿದ್ದಿತ್ತು.

೩. ಪುಣ್ಯವಂತಿ

ಬರಿಗಾಲಲೇ ಎಸ್‌ಟಿ ಹತ್ತಿದೆ. ಒಳಗ ನಮ್ಮ ಓಣಿ ಮಾವಶಿ ಕುಂತಿದ್ದಳು. ನನ್ನ ಕಾಲು ನೋಡಿದಳು, ಮಾರಿ ನೋಡಿದಳು. ಮುಗೀತು ನನ್ನ ಕತಿ ಅಂತ ಕಣ್ಣು ಮುಚ್ಚಿದೆ. ಮಾವಶಿ ಕೈ ಮುಗದಳು.

ಗುರುವಾರ ಅಂದ್ರ ಅಕ್ಕಲಕೋಟದ ಗುಡಿ ಸ್ವಾಮಿ ವಾರ. ಗುರುವಾರ, ಅಕ್ಕಲಕೋಟದ ಗಾಡಿ, ಬರಿಗಾಲು. ನಮ್ಮೂರಾಗ ಇದಕ್ಕ ಸ್ವಾಮಿಗೆ ಹರಕಿ ಹೊತ್ತಾಳ ಅನ್ನೂದು ಬಿಟ್ರ ಬ್ಯಾರೆ ಅರ್ಥನೇ ಇಲ್ಲ. ನಾ ಮನಿ ಮುಟ್ಟೂದ್ರಾಗ ಸುದ್ದಿ ಮುಟ್ಟಿತ್ತು. ಅವ್ವ ಕಾಲಿಗೆ ನೀರು ಹಾಕಿ, ಎಷ್ಟು ಗುರುವಾರ ಅಂತ ಕೇಳಿದಳು. ಆರು ಅಂದೆ. ಸುಳ್ಳೂ ಅಲ್ಲ, ಖರೇನೂ ಅಲ್ಲ. ದೇವರು ಸಿಟ್ಟಾಗ್ತಾನ ಅಂತ ಹೊಸಾ ಅಂಜಿಕಿ ಬ್ಯಾರೆ ಗಂಟು ಬಿತ್ತು. ಎರಡನೇ ವಾರಕ್ಕ ಓಣಿ ಹೆಂಗಸರು ತಮ್ಮ ಮಕ್ಕಳ ಪರೀಕ್ಷಾಕ್ಕೂ ಬೇಡಿಕೋ ಅಂತ ಚೀಟಿ ಬರದು ಕೊಟ್ಟರು. ಮ್ಯಾಡಂಗ ತೋರಿಸಿದ್ರ, ಅವರನ್ನೂ ಕರಕೊಂಡು ಬಾ ಅಂದ್ರು.

೪. ಕಾಕಾ

ಆರನೇ ಗುರುವಾರ. ಈಗ ಎಂಐಡಿಸಿ ದಾಟಿದ್ರೂ ಉಸಿರು ತಾನೇ ಆಡ್ತಿತ್ತು. ಮ್ಯಾಡಂಗ ನಮಸ್ಕಾರ ಮಾಡಿ ಬಾಗಲಾ ತಗದೆ. ಎದುರಿಗೆ ಕಾಕಾ!

ಕಲತ ಉಸಿರೆಲ್ಲಾ ಮರತುಹೋತು. ಕಾಲೇಜು ಬಂದ್, ಲಗ್ನ, ಎಲ್ಲಾ ಕಣ್ಣ ಮುಂದ ಬಂತು. ಮಾರಿ ನೋಡೂ ಧೈರ್ಯ ಇಲ್ಲದ ತಲಿ ಕೆಳಗ ಹಾಕಿದೆ. ಆಗ ಕಂಡ್ವು ಕಾಕಾನ ಕಾಲು. ದಿನಾ ಪಾಲಿಶ್ ಮಾಡಿದ ಬೂಟು ಹಾಕೂ ಮನಿಷಾ, ಬರಿಗಾಲಲೇ ನಿಂತಿದ್ದ. ಬಾಗಲದ ಹೊರಗೂ ಬೂಟು ಇದ್ದಿಲ್ಲ. ನನಕಿಂತ ಹೆಚ್ಚು ಅಂಜಿದಾಂವ ಇಂವನೇ ಅಂತ ಆಗ ತಿಳೀತು.

ಆಚೀಚಿ ನೋಡಿ, ನನ್ನ ಕಿವಿ ಹತ್ರ ಬಂದ.

"ನಿಮ್ಮಪ್ಪಗ ಏನೂ ಹೇಳಬ್ಯಾಡವಾ. ಯಾರರ ಕೇಳಿದ್ರ, ಕಾಕಾಂದೂ ಆರು ಗುರುವಾರ ಅದ ಅನ್ನು."